ನಲವತ್ತು ಸೆಕೆಂಡು

"ನಿಲ್ಸು!" ಎಂದಳು ಅತ್ತಿಗೆ.

ನಾದಿನಿ ಕೀಬೋರ್ಡಿನಿಂದ ಬೆರಳೆತ್ತಿದಳು. ಅಭ್ಯಾಸದ ಪುಸ್ತಕದಲ್ಲಿ ಪ್ರತಿ ಸಾಲಿನ ಕೊನೆಗೂ ಅಲ್ಲಿಯವರೆಗಿನ ಪದಗಳ ಲೆಕ್ಕ ಅಚ್ಚಾಗಿತ್ತು. ಇನ್ನೂರ ಐದು. ಐದು ನಿಮಿಷಕ್ಕೆ ಭಾಗಿಸಿದರೆ ನಲವತ್ತೊಂದು.

"ಇಷ್ಟೇನಾ?"

"ಬರುತ್ತೆ ಬಿಡೇ, ಅವಸರ ಮಾಡ್ಬೇಡ," ಎನ್ನುತ್ತಾ ಅತ್ತಿಗೆ ಮೊಬೈಲನ್ನು ಬೋರಲು ಹಾಕಿದಳು. ಅದರ ಗಡಿಯಾರ ನಿಂತಿದ್ದು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ. ಹಾಗಾದರೆ ನಿಜವಾದ ವೇಗ ನಲವತ್ತೇಳು. ಅತ್ತಿಗೆಯದು ನಲವತ್ತಾರು.

ನೋಂದಣಿ ಕಚೇರಿಯಲ್ಲಿ ಟೈಪಿಸ್ಟ್ ಹುದ್ದೆ ಇದ್ದದ್ದು ಒಂದೇ. ಅರ್ಜಿ ಹಾಕಿದವರಲ್ಲಿ ಇವರಿಬ್ಬರೂ ಇದ್ದರು. ಮನೆಗೆ ಯಾರೇ ಬರಲಿ, ಅತ್ತಿಗೆಯ ಗಂಡ ಅವಳನ್ನು 'ನಮ್ಮನೆ ಎಕ್ಸ್‌ಪ್ರೆಸ್' ಎಂದೇ ಪರಿಚಯಿಸುತ್ತಿದ್ದ, ತನ್ನ ತಂಗಿಯನ್ನು 'ಪ್ಯಾಸೆಂಜರ್' ಎಂದು. ಮೂರು ವಾರದ ಹಿಂದೆ ಕೋಣೆಯ ಸದ್ದಿಗೆ ಕಿವಿಗೊಟ್ಟು, "ಪ್ಯಾಸೆಂಜರ್ರು ಎಕ್ಸ್‌ಪ್ರೆಸ್ಸನ್ನೇ ಹಿಂದೆ ಹಾಕೋ ಹಾಗಿದೆಯಲ್ಲೇ!" ಎಂದು ನಕ್ಕಿದ್ದ. ಅತ್ತಿಗೆಯೂ ನಕ್ಕಿದ್ದಳು. ನಾದಿನಿಯ ಐದು ನಿಮಿಷ ನಲವತ್ತು ಸೆಕೆಂಡು ಮೊದಲೇ ಮುಗಿಯತೊಡಗಿದ್ದು ಅವತ್ತಿನಿಂದ.

ಬೇಸತ್ತು ಕೈಬಿಡುತ್ತಾಳೆ ಎಂದುಕೊಂಡಿದ್ದಳು ಅತ್ತಿಗೆ. ನಾದಿನಿ ಕೈಯ ಮೇಲೆ ಟವೆಲ್ ಹೊದಿಸಿಕೊಂಡು, ಅಕ್ಷರ ನೋಡದೆ ಹೊಡೆಯುವುದನ್ನು ರೂಢಿಸಿಕೊಂಡಳು. ಪರೀಕ್ಷೆಯ ಹಿಂದಿನ ದಿನ ಇನ್ನೂರ ಮೂವತ್ತು ಪದ ಮುಟ್ಟಿದಳು.

"ನಲವತ್ತಾರು! ನಿಮ್ಮ ಸಮಕ್ಕೆ ಬಂದೆ ಅತ್ತಿಗೆ!" ಎಂದು ಬಂದು ತಬ್ಬಿಕೊಂಡಳು. ಅತ್ತಿಗೆ ಅವತ್ತು ನಿಜವಾದ ಲೆಕ್ಕ ಹಾಕಲು ಹೋಗಲಿಲ್ಲ.

ಆ ಲೆಕ್ಕವನ್ನು ಮರುದಿನ ಕಚೇರಿಯ ಗೋಡೆಯ ಮೇಲೆ ಅಂಟಿಸಿದ್ದರು. ನಾದಿನಿ ಐವತ್ತಮೂರು, ಮೊದಲ ಸ್ಥಾನ. ಅತ್ತಿಗೆ ನಲವತ್ತನಾಲ್ಕು.

ವಾಪಸು ಬರುವಾಗ ಬಸ್ಸಿನಲ್ಲಿ ನಾದಿನಿ ಹೇಳಿದಳು: "ಇನ್ನೂರ ಮೂವತ್ತು ಪದ ಮುಗಿದಾಗ ಗಡಿಯಾರ ನೋಡ್ದೆ. ಇನ್ನೂ ನಲವತ್ತು ಸೆಕೆಂಡ್ ಇತ್ತು."

"ಅಲ್ಲಿನ ಗಡಿಯಾರ ನಿಧಾನ ಇರ್ಬೇಕು."

"ಇರ್ಬೇಕು," ಎಂದು ನಾದಿನಿ ಕಿಟಕಿಯ ಕಡೆ ತಿರುಗಿದಳು.

ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ, ತಲೆ ಬಾಚಿಕೊಂಡು ಸಿದ್ಧಳಾದ ನಾದಿನಿ ಅತ್ತಿಗೆಯ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಆರು ತಿಂಗಳಿಗೆ ಇನ್ನೊಂದು ಜಾಗ ಖಾಲಿ ಆಗುತ್ತಂತೆ. ಹೊಡೀರಿ, ನಾನು ಟೈಮ್ ನೋಡ್ತೀನಿ."

ಅತ್ತಿಗೆ ಹೊಡೆದಳು. ದಿನವೂ ಐದು ನಿಮಿಷಕ್ಕೆ ತಾನು ನಿಲ್ಲುತ್ತಿದ್ದ ಸಾಲು ಬಂತು, ನಾದಿನಿಯ ಸದ್ದಿಲ್ಲ. ಅದೂ ದಾಟಿತು. ಬೆರಳು ತಡವರಿಸಿದವು, ಆದರೂ ನಿಲ್ಲಲಿಲ್ಲ.

"ಸಾಕು! ಇನ್ನೂರ ಅರವತ್ತು. ಐವತ್ತೆರಡು ಅತ್ತಿಗೆ!" ನಾದಿನಿ ಒಳಗಿದ್ದ ಅಣ್ಣನಿಗೂ ಕೇಳುವಂತೆ ಕೂಗಿದಳು. "ಎಕ್ಸ್‌ಪ್ರೆಸ್ ಅಂದ್ರೆ ಎಕ್ಸ್‌ಪ್ರೆಸ್ಸೇ ಕಣೋ!"

ಮೊಬೈಲನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಅದರ ಪರದೆಯ ಮೇಲೆ ಐದು ನಿಮಿಷ ನಲವತ್ತು ಸೆಕೆಂಡು ಎಂದಿತ್ತು. ಪರದೆಯ ಬೆಳಕು ತಾನಾಗಿ ಆರುವವರೆಗೂ ಅತ್ತಿಗೆ ಕೀಬೋರ್ಡಿನಿಂದ ಬೆರಳು ತೆಗೆಯಲಿಲ್ಲ.