ತಲೆ ಇನ್ನೂ ಬಂದಿಲ್ಲ

ಶರ್ಶೆನ್‌ನ ಮೈ ಮನೆಗೆ ಬಂದಿತ್ತು, ತಲೆ ಬಂದಿರಲಿಲ್ಲ. ಕೋಕ್-ಬೋರು ಆಟಕ್ಕೆ ಅವನೇ ತೀರ್ಪುಗಾರ. ಸತ್ತ ಮೇಕೆಗಾಗಿ ಕುದುರೆ ಮೇಲೆ ಕಿತ್ತಾಡುವ ಗಂಡಸರನ್ನು ಮಧ್ಯಾಹ್ನವಿಡೀ ಬೈದು ಬೈದು ಗಂಟಲು ಕಟ್ಟಿತ್ತು. ಈಗ ಬೀಗರಿಗೆ ಕುರಿಮಾಂಸ ಹಂಚಬೇಕು. ಹಿರಿತನ ನೋಡಿ ಯಾರಿಗೆ ಯಾವ ಮೂಳೆ ಎಂಬುದರಲ್ಲಿ ಎಡವಿದರೆ ಸಂಬಂಧವೇ ಮುರಿದೀತು. ಊಟವಾದ ಮೇಲೆ ಅವನ ಮಗಳು ಐಜರ್ಕಿನ್‌ಗೆ ಬೀಗಿತ್ತಿ ಓಲೆ ಹಾಕುವವಳಿದ್ದಳು. ಓಲೆ ಬಿತ್ತೆಂದರೆ ಮದುವೆ ಗಟ್ಟಿ.

ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮುಂಚೆ ಶರ್ಶೆನ್ ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದ. ತಲೆ ಹಿಂದಿನಿಂದ ನಡೆದು ಬರಬೇಕು ಎಂದು ಅವನ ವಾದ. ಸೋಮಾರಿತನಕ್ಕೆ ಇಷ್ಟು ಚೆಂದದ ಹೆಸರನ್ನು ಇಡೀ ನಾರಿನ್ ಸೀಮೆಯಲ್ಲಿ ಯಾರೂ ಇಟ್ಟಿಲ್ಲ ಎಂದು ಹೆಂಡತಿ ಬುರುಲ್‌ಳ ಪ್ರತಿವಾದ. ಇವತ್ತು ಬೀಗರು ಹೇಳಿದ ಹೊತ್ತಿಗಿಂತ ಮುಂಚೆಯೇ ವಕ್ಕರಿಸಿದ್ದರು.

"ಬಂತೇನ್ರೀ ತಲೆ?" ಬುರುಲ್ ಪಿಸುಗುಟ್ಟಿದಳು.

"ಬಂತು, ಬಂತು," ಎಂದು ಸುಳ್ಳು ಹೇಳಿ ಮಾಂಸಕ್ಕೆ ಕೈ ಹಾಕಿದ.

ಅಷ್ಟರಲ್ಲಿ ಮದುವೆ ಹುಡುಗನ ತಾತ ರೊಟ್ಟಿಗೆ ಕೈ ಚಾಚಿದರು.

"ಕೈ ತೆಗಿಯೋ ಕತ್ತೆ! ನಡಿ ಹೊರಗೆ!" ಶರ್ಶೆನ್ ಅಬ್ಬರಿಸಿದ.

ಬುರುಲ್‌ಳ ಜೀವ ಬಾಯಿಗೆ ಬಂತು. ಶರ್ಶೆನ್ ತನ್ನ ಕೈಯಲ್ಲಿದ್ದ ಮೂಳೆ ನೋಡಿದ. ಸೊಂಟದ್ದೋ ಭುಜದ್ದೋ ತಿಳಿಯಲಿಲ್ಲ. ನಕ್ಕು ತೇಲಿಸಿಬಿಡಬಹುದಿತ್ತು, ಆದರೆ ಮುಂದಿನ ತಪ್ಪು ಇದರಪ್ಪನಂಥದ್ದು ಆಗುತ್ತದೆಂದು ಅವನಿಗೆ ಖಾತ್ರಿಯಿತ್ತು. ನಾಚಿಕೆಯಿಂದ ಮುಖ ಕೆಂಪಾದರೂ ಮೂಳೆ ಕೆಳಗಿಟ್ಟ.

"ಕ್ಷಮಿಸಿ ತಾತ. ನನ್ನ ತಲೆ ಇನ್ನೂ ಮೈದಾನದಲ್ಲೇ ಇದೆ. ಈಗ ಹಂಚಿದ್ರೆ ನಿಮ್ಮ ಪಾಲು ಮೊಮ್ಮಗನ ತಟ್ಟೆಗೆ ಬೀಳುತ್ತೆ. ಒಂಚೂರು ತಡೀರಿ."

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ಮಗನ ತಲೆ ಹುಟ್ಟಿದಾಗಿಂದ ಬಂದಿಲ್ಲ ಕಣಪ್ಪ. ಒಂದಿನಾದ್ರೂ ಬಾಯಿಬಿಟ್ಟು ಹೇಳಿದ್ನಾ? ಕೂತ್ಕೋ, ಕಾಯ್ತೀವಿ."

ಮಾಂಸ ಆರಿತು, ತಲೆ ಬಂತು, ಮೂಳೆಗಳು ಸರಿಯಾದ ತಟ್ಟೆ ಸೇರಿದವು. ಶರ್ಶೆನ್ ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದ.

ಬೀಗಿತ್ತಿ ಓಲೆ ಹಿಡಿದು ಬಂದಳು. ಐಜರ್ಕಿನ್ ಎರಡೂ ಕಿವಿ ಮುಚ್ಚಿಕೊಂಡಳು.

"ತಡೀರಿ ಅತ್ತೆ. ನನ್ನ ತಲೇನೂ ಇನ್ನೂ ಬಂದಿಲ್ಲ."

"ಏನೇ ನಿನ್ನ ಹುಚ್ಚಾಟ!" ಬುರುಲ್ ಸಿಡಿದಳು. "ರೀ, ಬುದ್ಧಿ ಹೇಳ್ರೀ ಇವಳಿಗೆ!"

ಗದರಲು ಶರ್ಶೆನ್ ಬಾಯಿ ತೆರೆದ. ಮಗಳು ಕಿವಿಯಿಂದ ಕೈ ತೆಗೆದಿರಲಿಲ್ಲ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡ.

"ಎಲ್ಲಿದೆಯಮ್ಮ ತಲೆ?"

"ಕಾಲೇಜಲ್ಲಿ, ಅಪ್ಪ."

"ಯಾವಾಗ ಬರುತ್ತೆ?"

"ಗೊತ್ತಿಲ್ಲ. ಬಂದಾಗ ನಾನೇ ಹೇಳ್ತೀನಿ."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಶರ್ಶೆನ್ ಎದ್ದು ಮಗಳ ಪಕ್ಕ ಹೋಗಿ ನಿಂತ.

"ಓಲೆ ಒಳಗಿಡಿ ಬೀಗಿತ್ತಿ," ಎಂದ. "ಮಾಂಸಕ್ಕೆ ಕಾದವರು ಹುಡುಗಿಗೆ ಕಾಯಲ್ವಾ?"