ಕೌದಿ ಹೊದ್ದ ಡಸ್ಟರ್

ನಮ್ಮೂರಿನ ಕಾರು ರೇಸಿನಲ್ಲಿ ಬೇಗ ಹೋದವನೇ ಗೆಲ್ಲುತ್ತಾನೆ ಅಂತೇನಿಲ್ಲ. ಓಡುವ ಮೊದಲು ‘ನನ್ನ ಕಾರಿಗೆ ಇಷ್ಟು ಸೆಕೆಂಡು ಬೇಕು’ ಎಂದು ಬಿಳಿ ಬೂಟ್ ಪಾಲಿಶ್‌ನಲ್ಲಿ ಗಾಜಿನ ಮೇಲೆ ಬರೆಯಬೇಕು. ಒಂದು ಸಲಕ್ಕೆ ಎರಡೇ ಕಾರು; ನಿಧಾನದ ಕಾರಿಗೆ ಇಬ್ಬರ ಅಂಕಿಯ ವ್ಯತ್ಯಾಸದಷ್ಟು ಮೊದಲೇ ಹಸಿರು ದೀಪ. ಆಮೇಲೆ ಗೆರೆ ಮೊದಲು ದಾಟಿದವರು ಗೆದ್ದ ಹಾಗೆ. ಆದರೆ ಬರೆದದ್ದಕ್ಕಿಂತ ಕೂದಲೆಳೆಯಷ್ಟು ಬೇಗ ಮುಟ್ಟಿದರೂ ಸೋಲು. ಅಂದರೆ, ಹೇಳಿದ್ದಕ್ಕಿಂತ ಹೆಚ್ಚು ಮಾಡಿ ತೋರಿಸುವುದು ಇಲ್ಲಿ ಅಪರಾಧ. ನಮ್ಮ ಇಂಡಿಯಾನಾದ ರಾಜಕಾರಣಿಗಳು ಆಡಿದರೆ ಒಬ್ಬರೂ ಈ ಅಪರಾಧ ಮಾಡಲಾರರು.

ನಮ್ಮಕ್ಕ ವರ್ಲೀನ್ ಮೂವತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುವವಳು. ಎಂಟು ವರ್ಷದ ಹಿಂದೆ ವಿಚ್ಛೇದನವಾದಾಗ ಡ್ವೈನ್ ಭಾವನಿಗೆ ಗ್ಯಾರೇಜು ಹೋಯಿತು. ಇವಳಿಗೆ ಸಿಕ್ಕಿದ್ದು ಒಂದು ಮುದಿ ಹಸಿರು ಪ್ಲಿಮತ್ ಡಸ್ಟರ್ ಕಾರು, ಮತ್ತು ಅತ್ತೆ ಹೊಲಿದುಕೊಟ್ಟ ಕೌದಿ. ಡಸ್ಟರ್ ಎಂದು ಹೆಸರೇನೋ ಸರಿ, ಆದರೆ ಅದು ಇಷ್ಟು ವರ್ಷ ಒರೆಸಿದ್ದು ನಮ್ಮ ಮಾನವನ್ನೇ. ಪ್ರತಿ ಅಕ್ಟೋಬರಿನಲ್ಲಿ ಸೀಸನ್ನಿನ ಕೊನೆಯ ಓಟ ಗೆದ್ದವರು ಮುಂದಿನ ವರ್ಷಪೂರ್ತಿ ಕಾರಿನ ಗಾಜಿನ ಮೇಲೆ ‘1’ ಎಂದು ಬರೆದುಕೊಳ್ಳಬಹುದು. ಆರು ವರ್ಷದಿಂದ ಆ ಒಂದು ಡ್ವೈನ್‌ನ ಕೆಂಪು ನೋವಾ ಕಾರು ಬಿಟ್ಟು ಇಳಿದಿರಲಿಲ್ಲ. ಭಾವ ಹೋದರೂ ಆ ಭಾವನ ಜಂಭ ನಮ್ಮ ಮನೆ ಬಿಟ್ಟು ಹೋಗಿರಲಿಲ್ಲ. ಈ ಸಲ ಫೈನಲಿಗೆ ಉಳಿದವರು ಅವರಿಬ್ಬರೇ.

ಅಕ್ಕ ಎಂಜಿನ್ ಬಿಸಿ ಮಾಡುವುದನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಮೊದಲು ಕಿಡಿ ಕೊಡದೆ ಬರೀ ತಿರುಗಿಸಿ ಎಣ್ಣೆ ಏರಿಸುತ್ತಾಳೆ. ಹೊತ್ತಿಸಿದ ಮೇಲೆ ಗುಡುಗಿಲ್ಲ, ಸಿಡಿಲಿಲ್ಲ. ಹಾಲು ಕಾಯಿಸಿದ ಹಾಗೆ ಒಂದೇ ಉರಿ. ರೇಡಿಯೇಟರಿನ ನೀರು ನೂರಾ ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಬಾನೆಟ್ ಎತ್ತಿ, ಗಾಳಿ ಒಳಗೆಳೆಯುವ ದಪ್ಪ ಕಬ್ಬಿಣದ ಮೇಲೆ ಅಂಗೈ ಇಡುತ್ತಾಳೆ. ಅಂಗೈ ಒಪ್ಪಿದರೆ ಎಂಜಿನ್ ಬಂದ್. ಬಿಸಿ ಇನ್ನೂ ಏರಬಾರದೆಂದು ಅಲ್ಲಿಂದ ಓಟದ ಸಾಲಿನವರೆಗೆ ತಳ್ಳುವುದು ತಮ್ಮನಾದ ನಾನು. ಎಂಜಿನ್ನಿಗಿಂತ ಮೊದಲು ನಾನೇ ಬಿಸಿಯಾಗುತ್ತೇನೆ.

ಅವತ್ತು ಹಾಗೆ ತಳ್ಳಿ ಸಾಲಿಗೆ ತಂದು ನಿಲ್ಲಿಸಿದ್ದಷ್ಟೇ, ಬೇರೆ ವರ್ಗದ ಓಟದಲ್ಲಿ ನಮಗಿಂತ ಮೊದಲು ಓಡಿದ ಕಾರೊಂದು ಓಟದ ಪಟ್ಟಿಯುದ್ದಕ್ಕೂ ಎಣ್ಣೆ ಸುರಿಸಿತು. ಒರೆಸಲು ನಲವತ್ತು ನಿಮಿಷ ಎಂದರು. ಬಿಸಿಲು ಇಳಿಯುತ್ತಿತ್ತು. ಜೋಳದ ಹೊಲದ ಕಡೆಯಿಂದ ಚಳಿಗಾಳಿ ಬೀಸತೊಡಗಿತು.

ಅಕ್ಕ ಕಾರಿನ ಡಿಕ್ಕಿಯಿಂದ ಕೌದಿ ತೆಗೆದು ಬಾನೆಟ್ ಮೇಲೆ ಹೊದಿಸಿ, ಅಂಚು ಸಿಕ್ಕಿಸಿದಳು. ಮುಂದಿನ ಜಾಲರಿಗೆ ರಟ್ಟು ಅಡ್ಡ ಇಟ್ಟಳು.

ಪಕ್ಕದ ಸಾಲಿನಿಂದ ಡ್ವೈನ್ ನಕ್ಕ. “ಮಗು ಮಲಗ್ತಾ? ಜೋಗುಳ ಹಾಡೋಕೆ ನಿನ್ ತಮ್ಮನ್ನ ಇಟ್ಕೊಂಡಿದೀಯಾ?”

“ನಾನ್ ಹಾಡಿದ್ರೆ ಮಲಗಿರೋದು ಎದ್ದು ಓಡುತ್ತೆ ಭಾವ,” ಎಂದೆ. “ಓಡೋಕೇ ಅಲ್ವಾ ಬಂದಿರೋದು?”

“ಅದು ನಮ್ಮಮ್ಮ ಹೊಲಿದಿದ್ದು ಕಣೇ, ವರ್ಲೀನ್. ಗ್ರೀಸ್ ಹತ್ತಿಸ್ಬೇಡ.”

“ನಿಮ್ಮಮ್ಮ ಬೆಚ್ಚಗಿಡೋಕೆ ಅಂತ್ಲೇ ಕೊಟ್ರು,” ಎಂದಳು ಅಕ್ಕ. “ನಿಂಗೆ ಹೊದಿಸಿ ನೋಡ್ದೆ, ಉಪಯೋಗ ಆಗ್ಲಿಲ್ಲ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಡ್ವೈನ್ ಜೋಳದ ಹೊಲದ ಕಡೆ ನೋಡಿದ. ಅವನ ನೋವಾ ನಲವತ್ತು ನಿಮಿಷವೂ ಬರಿಮೈಯಲ್ಲಿ ಗಾಳಿಗೆ ನಿಂತು ತಣ್ಣಗಾಯಿತು.

ಕರೆ ಬಂತು. ಅಕ್ಕ ಕೌದಿ ತೆಗೆದು ಅಂಗೈ ಇಟ್ಟಳು. ಬಿಸಿ ಹಾಗೇ ಇತ್ತು. ತಣ್ಣನೆ ಗಾಳಿಯಲ್ಲಿ ಕಾರು ಚೂರು ಚುರುಕಾಗುತ್ತದೆಂದು ಗಾಜಿನ ಮೇಲಿದ್ದ 7.42 ಒರೆಸಿ 7.40 ಬರೆದಳು. ಅತ್ತ ಡ್ವೈನ್ ಗಡಬಡಿಸಿ ಎಂಜಿನ್ ಹೊತ್ತಿಸಿ ಆಕ್ಸಿಲರೇಟರ್ ತುಳಿದ. ಬೇಲಿಗೆ ಆತುಕೊಂಡಿದ್ದ ಹುಡುಗರು ಶಿಳ್ಳೆ ಹಾಕಿದರು. ಮೀಟರಿನ ಮುಳ್ಳು ಇನ್ನೂರು ದಾಟಿತು. ಹೆಚ್ಚು ಕಾದ ಎಂಜಿನ್ ಸೋಮಾರಿ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವನು 6.80 ಒರೆಸಿ 6.85 ಬರೆದ.

ಅಕ್ಕ ಅದನ್ನು ನೋಡಿದಳು. ಸುಮ್ಮನಿದ್ದಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಆದರೂ ಅವನ ಕಿಟಕಿಯ ಹತ್ತಿರ ಹೋದಳು.

“ಡ್ವೈನ್, ಕಾದಿರೋದು ನೀರು. ಕಬ್ಬಿಣ ಇನ್ನೂ ತಣ್ಣಗಿದೆ, ಕಾರು ಹಾರತ್ತೆ. ಒಂದ್ಸಲ ಕೈ ಇಟ್ಟು ನೋಡು.”

“ಮೀಟರಿದೆಯಲ್ಲ.”

“ಮೀಟರ್ ನೀರಿನ ಸುದ್ದಿ ಹೇಳತ್ತೆ, ಅಷ್ಟೇ.”

“ಇಪ್ಪತ್ತೆರಡು ವರ್ಷ ನಿನ್ ಮಾತ್ ಕೇಳಿದೀನಿ. ಸಾಕು.”

“ಕೇಳಿದ್ದು ಯಾವಾಗ?” ಎಂದು ಹೇಳಿ ಅಕ್ಕ ಬಂದು ಹೆಲ್ಮೆಟ್ ಹಾಕಿಕೊಂಡಳು.

ಅವಳ ದೀಪ ಮೊದಲು ಹಸಿರಾಯಿತು. ಡಸ್ಟರ್ ಹೊರಟಿತು. ನೋವಾ ಅಲ್ಲೇ ನಿಂತು ಕುದಿಯುತ್ತಿತ್ತು. ಅರ್ಧ ಸೆಕೆಂಡಿನ ಮೇಲೆ ತನ್ನ ದೀಪ ಸಿಕ್ಕಿದ್ದೇ ಬಾಣದ ಹಾಗೆ ಹಾರಿತು. ಗೆರೆ ಇನ್ನೂ ದೂರವಿರುವಾಗಲೇ ನಮ್ಮ ಕಾರಿನ ಮಗ್ಗುಲಿಗೆ ಬಂದುಬಿಟ್ಟಿತು. ಇಷ್ಟು ಬೇಗ ಹಿಡಿದೆನಲ್ಲ, ಎಲ್ಲೋ ಲೆಕ್ಕ ತಪ್ಪಿದೆ ಎಂದು ಬುದ್ಧಿ ಇದ್ದವನು ಅಲ್ಲಿ ಬ್ರೇಕ್ ತುಳಿಯುತ್ತಿದ್ದ. ಡ್ವೈನ್ ಕಿಟಕಿಯಿಂದ ಕೈ ಬೀಸಿ ಮುಂದೆ ಹೋದ. ಎರಡು ಕಾರಿನುದ್ದ ಮುಂದೆ ಗೆರೆ ದಾಟಿದ.

ಆದರೆ ಗೆದ್ದವರ ದೀಪ ಹತ್ತಿದ್ದು ನಮ್ಮ ಕಾರಿನ ಪಟ್ಟಿಯಲ್ಲಿ.

ಅಕ್ಕ: ಬರೆದದ್ದು 7.40, ಓಡಿದ್ದು 7.41. ಡ್ವೈನ್: ಬರೆದದ್ದು 6.85, ಓಡಿದ್ದು 6.78. ಬೇಲಿಯ ಹತ್ತಿರದ ಹುಡುಗರು, ಅವಳ ಬಸ್ಸಿನಲ್ಲೇ ಶಾಲೆಗೆ ಹೋದವರು, ಬಸ್ಸಿನಲ್ಲಿ ಮಾಡಿದರೆ ಬೈಸಿಕೊಳ್ಳುವಂಥ ಗಲಾಟೆ ಎಬ್ಬಿಸಿದರು.

ನಾನು ಓಡಿಹೋಗುವಷ್ಟರಲ್ಲಿ ಡ್ವೈನ್ ಓಟದ ಸಮಯದ ಚೀಟಿ ಹಿಡಿದು ನಿಂತಿದ್ದ. ಒಮ್ಮೆ ಚೀಟಿ ನೋಡಿದ, ಒಮ್ಮೆ ತನ್ನ ಬಾನೆಟ್ ನೋಡಿದ. ನಮ್ಮಲ್ಲಿ ಸೋತವನೇ ತನ್ನ ಗಾಜಿನ ‘1’ ಒರೆಸಬೇಕು. ಅಕ್ಕ ಒದ್ದೆ ಬಟ್ಟೆ ಚಾಚಿದಳು. ಅವನು ಒರೆಸಿದ. ಆರು ವರ್ಷದ ಅಂಕಿ, ಬೇಗ ಬಿಡಲಿಲ್ಲ.

ಅಕ್ಕ ಪಾಲಿಶ್ ತೆಗೆದುಕೊಂಡು ಡಸ್ಟರಿನ ಗಾಜಿನ ಮೇಲೆ ‘1’ ಬರೆದಳು. ಅದು ಸೊಟ್ಟಗಾಯಿತು. ಹಾಗೇ ಬಿಟ್ಟಳು. ಕೌದಿಯನ್ನು ತನ್ನ ಹೆಗಲಿಗೆ ಹೊದ್ದುಕೊಂಡು, ಕಾರಿನೊಳಗೆ ಕೂತು ಎಂಜಿನ್ ಹೊತ್ತಿಸಿದಳು. ನಾನು ಅಭ್ಯಾಸಬಲದಿಂದ ತಳ್ಳಲು ಹಿಂದೆ ಹೋಗಿ ನಿಂತಿದ್ದೆ.

“ಆ ಕಡೆ ಸರಿ,” ಎಂದಳು.

ಆಮೇಲೆ, ಎಂಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದಳು. ಆಕ್ಸಿಲರೇಟರನ್ನು ನೆಲ ಮುಟ್ಟುವ ತನಕ ತುಳಿದಳು. ಜೋಳದ ಹೊಲದಿಂದ ಕಾಗೆಗಳು ಎದ್ದವು.

“ವಿಪರೀತ ಬಿಸಿಯಾಗತ್ತೆ ಕಣೇ,” ಎಂದ ಡ್ವೈನ್, ಬಟ್ಟೆ ಹಿಡಿದುಕೊಂಡೇ.

“ಆಗ್ಲಿ ಬಿಡು,” ಎಂದಳು ಅಕ್ಕ, ಮತ್ತೆ ತುಳಿದಳು.