ಹತ್ತು ದಿನ ತಡ

ಬಾತು ಎಂಬ ಹೆಸರು ಅವಳಿಗೆ ಬಿದ್ದದ್ದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಬೆಳಗ್ಗೆ ಎಂಟಕ್ಕೆ ಉಳಿದವರೆಲ್ಲ ತಲೆ ಬಾಚಿಕೊಂಡು ಬಂದರೆ ಇವಳು ಈಜುಕೊಳದಿಂದ ನೇರವಾಗಿ, ಜಡೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಬರುತ್ತಿದ್ದಳು. "ಬಂತು ನೋಡ್ರಪ್ಪ ಬಾತುಕೋಳಿ" ಎಂದು ಇಸ್ತ್ರಿ ಯಂತ್ರದ ಹಿಂದಿನಿಂದ ಯಾರೋ ಅಂದರು. ಅಂದದ್ದೇ ಸೈ, ಹೆಸರು ನಿಂತುಬಿಟ್ಟಿತು. ಆರು ತಿಂಗಳಲ್ಲಿ ಗಂಡನೂ ಹಾಗೇ ಕರೆಯತೊಡಗಿದ.

ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ವಾರ್ಡುಗಳಿಂದ ಇಳಿದುಬರುವ ಮೂಟೆಗಳನ್ನು ಬಿಚ್ಚಿ ವಿಂಗಡಿಸುವುದು ಅವಳ ಕೆಲಸ. ರಕ್ತದ ಕಲೆ ಇರುವ ಬಟ್ಟೆ ಮೊದಲು ತಣ್ಣೀರಿಗೆ ಹೋಗಬೇಕು. ಬಿಸಿನೀರು ಸೋಕಿತೋ, ಕಲೆ ಅಲ್ಲೇ ಕೂತು ಜನ್ಮದಲ್ಲಿ ಬಿಡುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಹೇಳಿಕೊಡುವವಳೂ ಅವಳೇ. ಹೆರಿಗೆ ವಾರ್ಡಿನ ಮೂಟೆ ಬಂದರೆ ಮಾತ್ರ ಅವಳು ಯಾರಿಗೂ ಬಿಡುತ್ತಿರಲಿಲ್ಲ. ಒಗೆದು ಒಣಗಿ ಬಂದ ತೊಟ್ಟಿಲ ಹೊದಿಕೆಗಳನ್ನೂ ತಾನೇ ಮಡಚುತ್ತಿದ್ದಳು, ಒಂದೊಂದನ್ನೂ ಅಂಗೈಯಿಂದ ಸವರಿ, ಆತುರವಿಲ್ಲದೆ. ಜೊತೆಯವರು ನೋಡಿಯೂ ನೋಡದವರಂತೆ ಇರುತ್ತಿದ್ದರು.

ಮದುವೆಯಾಗಿ ಹದಿಮೂರು ವರ್ಷ. ಮಕ್ಕಳಿಲ್ಲ. ಇಬ್ಬರಲ್ಲೂ ಯಾವ ದೋಷವೂ ಇಲ್ಲವೆಂದು ಮೂವರು ಡಾಕ್ಟರು ಹೇಳಿದ್ದರು. ದೋಷವಿದೆ ಅಂದಿದ್ದರೆ ದೂರಲು ಏನಾದರೂ ಸಿಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಗಂಡ, "ಸಾಕು ಬಿಡು. ಸೂಜಿ ಚುಚ್ಚಿಸ್ಕೊಂಡಿದ್ದು ಸಾಕು" ಅಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ಸರಿಹೋಗದ ಲಿಫ್ಟಿಗೆ 'ಕೆಟ್ಟಿದೆ' ಎಂದು ಬೋರ್ಡು ತಗುಲಿಸಿ ಮುಂದಿನ ಕಟ್ಟಡಕ್ಕೆ ಹೋಗುವವನು. ತಮ್ಮಿಬ್ಬರ ಆಸೆಗೂ ಹಾಗೇ ಬೋರ್ಡು ತಗುಲಿಸಿಬಿಟ್ಟ ಅಂದುಕೊಂಡಳು ಬಾತು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವನೂ ಮತ್ತೆ ಆ ಮಾತೆತ್ತಲಿಲ್ಲ.

ಈಜಿಗೆ ಹೋದದ್ದು ಸೊಂಟನೋವಿಗೆ. ಕೊಳದಲ್ಲಿ ಕಲಿಸುತ್ತಿದ್ದವಳು ಅರವತ್ತು ದಾಟಿದ ಹೆಂಗಸು. ಕೊರಳಲ್ಲಿ ಸದಾ ಸೀಟಿ, ಹಾಗಾಗಿ ಎಲ್ಲರಿಗೂ ಸೀಟಿಯಕ್ಕ. ಒಂದು ವರ್ಷ ಸುಮ್ಮನೆ ನೋಡಿದ ಸೀಟಿಯಕ್ಕ ಒಂದು ದಿನ ಬಾತುವನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಹಿಡಿದಳು.

"ತಿಂಗಳಿಗೆ ಐದು ದಿನ ಎಲ್ಲಿ ಮಾಯ ಆಗ್ತೀಯೇ?"

"ಡೇಟ್ ಅಕ್ಕ."

"ಡೇಟ್ ಆದ್ರೆ? ಕೊಳಕ್ಕೇನು ಕಣ್ಣಿದೆಯಾ?"

ಕಣ್ಣು ಕೊಳಕ್ಕಿರಲಿಲ್ಲ, ನಿಜ. ಆ ಐದು ದಿನ ಬಾತುವಿಗೆ ಯಾರ ಮುಖವೂ ಬೇಕಿರುತ್ತಿರಲಿಲ್ಲ, ಅಷ್ಟೇ. ಈ ತಿಂಗಳೂ ಇಲ್ಲ ಅನ್ನುವುದನ್ನು ಮೈಯೇ ಬಂದು ಹೇಳುವ ದಿನಗಳು ಅವು. ಅದನ್ನು ಬಿಡಿಸಿ ಹೇಳಲು ಅವಳಿಂದಾಗಲಿಲ್ಲ. ಸೀಟಿಯಕ್ಕ ಬಿಡಿಸಿ ಕೇಳಲೂ ಇಲ್ಲ. ಮರುದಿನ ಮೆತ್ತನೆಯ ಸಿಲಿಕೋನಿನ ಪುಟ್ಟ ಬಟ್ಟಲೊಂದನ್ನು ತಂದು ಕೈಯಲ್ಲಿಟ್ಟಳು.

"ಇದೇನಕ್ಕ, ಮಕ್ಕಳಾಟದ ಲೋಟ ಇದ್ದ ಹಾಗಿದೆ."

"ಮುಟ್ಟಿನ ಕಪ್. ಹೀಗೆ ಮಡಚಿ ಒಳಗಿಟ್ಕೊಂಡ್ರೆ ಅಲ್ಲೇ ಅರಳ್ಕೊಳ್ಳತ್ತೆ. ನೀರೂ ಒಳಗೆ ಹೋಗಲ್ಲ, ರಕ್ತಾನೂ ಹೊರಗೆ ಬರಲ್ಲ. ಮೊದಲು ಮನೇಲಿ ಅಭ್ಯಾಸ ಮಾಡ್ಕೋ."

ಅಭ್ಯಾಸವೆಂದರೆ ಅಭ್ಯಾಸ. ಮೊದಲ ದಿನ ಒಂದು ಗಂಟೆ ಬಚ್ಚಲಲ್ಲಿ ಕೂತಳು. ಮಡಚಿದ್ದು ಕೈಜಾರಿ ಚಿಮ್ಮಿ, ಗೋಡೆಗೆ ಬಡಿದು, ಬಕೆಟ್ಟಿನೊಳಗೆ ಪುಳಕ್ಕೆಂದು ಬಿತ್ತು.

"ಏನೇ ಅದು ಸದ್ದು?" ಹೊರಗಿನಿಂದ ಗಂಡ.

"ಕಪ್ಪು ರೀ, ಕಪ್ಪು!"

ಅವನಿಗೆ ಕೇಳಿಸಿದ್ದು ಕಪ್ಪೆ. ಪೊರಕೆ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತ. ವಿಷಯ ತಿಳಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಥ ದಿನ ಆ ಮನೆಯಲ್ಲಿ ನಗು ಕೇಳಿ ಎಷ್ಟು ವರ್ಷವಾಗಿತ್ತೋ.

ಮೂರನೆಯ ತಿಂಗಳಿಗೆ ಕಪ್ ಹಾಕಿಕೊಂಡದ್ದೇ ಮರೆಯುವಷ್ಟು ರೂಢಿಯಾಯಿತು. ಉಳಿದದ್ದನ್ನು ಸೀಟಿಯಕ್ಕ ಒಂದೊಂದಾಗಿ ಕಲಿಸಿದಳು. ಮೊದಲೆರಡು ದಿನ ದೂರ ಕಡಿಮೆ ಮಾಡು, ನಿಲ್ಲಿಸಬೇಡ. ಬೆಳಗ್ಗೆ ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಬಾ. ಈಜುಡುಪಿನ ಅಂಚು ತೊಡೆ ಉಜ್ಜುವ ಕಡೆ ವ್ಯಾಸಲಿನ್ ಹಚ್ಚು. ರಕ್ತಪರೀಕ್ಷೆ ಮಾಡಿಸು, ಕಬ್ಬಿಣಾಂಶ ಕಡಿಮೆಯಿದ್ದರೆ ಮಾತ್ರೆ ತಗೋ. ಮತ್ತೆ, ಎಲ್ಲವನ್ನೂ ಬರೆದಿಡು. ಬಾತು ಡೈರಿಯಲ್ಲಿ ಬರೆದಿಟ್ಟಳು. ಹತ್ತು ವರ್ಷ ಬೇರೊಂದು ಆಸೆಯಿಂದ ತಾರೀಖು ಎಣಿಸಿದವಳಿಗೆ ಎಣಿಕೆ ಹೊಸದೇನಲ್ಲ. ಈಗ ಎಣಿಸುವುದು ಈಜಿಗೆ ಅಂತ ತನಗೆ ತಾನೇ ಹೇಳಿಕೊಂಡಳು.

ಹೀಗೆ ಮೂರು ವರ್ಷ ಕಳೆದು ಸರೋವರ ದಾಟುವ ಮಾತು ಬಂತು. ಈ ದಡದಿಂದ ಆ ದಡಕ್ಕೆ ಹದಿನಾಲ್ಕು ಕಿಲೋಮೀಟರ್. ಒಬ್ಬೊಬ್ಬ ಈಜುಗಾರರ ಜೊತೆ ಒಂದೊಂದು ದೋಣಿ. ದೋಣಿ ಮುಟ್ಟಿದರೆ ಲೆಕ್ಕಕ್ಕಿಲ್ಲ. ಹುಟ್ಟು ಹಾಕಲು ಗಂಡನೇ ಮುಂದೆ ಬಂದ. ನಾಲ್ಕು ತಿಂಗಳು ಪ್ರತಿ ಭಾನುವಾರ ಅಭ್ಯಾಸ ಮಾಡಿ ಅಂಗೈ ಬೊಬ್ಬೆ ಬರಿಸಿಕೊಂಡ. ಡೈರಿ ನೋಡಿದ ಸೀಟಿಯಕ್ಕ ಖುಷಿಯಾದಳು. ಈಜಿನ ಭಾನುವಾರಕ್ಕೆ ಹದಿಮೂರು ದಿನ ಮುಂಚಿನ ಸೋಮವಾರ ಬಾತುವಿನ ಡೇಟು. "ಸರಾಗ! ನೀರಿಗಿಳಿಯೋ ಹೊತ್ತಿಗೆ ಎಲ್ಲಾ ಮುಗಿದಿರತ್ತೆ."

ಸೋಮವಾರ ಬಂತು, ಹೋಯಿತು. ಡೇಟ್ ಆಗಲಿಲ್ಲ.

ಮೂರು ದಿನ ಅವಳು ತಲೆಗೆ ಹಚ್ಚಿಕೊಳ್ಳಲಿಲ್ಲ. ಐದನೆಯ ದಿನ ಲಾಂಡ್ರಿಯಲ್ಲಿ ಮೂಟೆ ಎತ್ತುವಾಗ ಕೈ ತಾನಾಗಿಯೇ ಹಿಂದೆ ಸರಿಯಿತು; ಜೊತೆಯವಳನ್ನು ಕರೆದು ಇಬ್ಬರೂ ಸೇರಿ ಎತ್ತಿದರು. ಎಂಟನೆಯ ದಿನ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡಳು. ಛೆ, ಏನಿದು ಹುಚ್ಚು ಎಂದು ತನ್ನನ್ನೇ ಬೈದುಕೊಂಡು, ಕಂಬಿಯನ್ನು ಮಾತ್ರ ಬಿಡಲಿಲ್ಲ. ಹಳೆಯ ದಿನಗಳಲ್ಲಿ ತಂದ ಗರ್ಭಪರೀಕ್ಷೆಯ ಕಡ್ಡಿಯೊಂದು ಇನ್ನೂ ಬೀರುವಿನ ಮೂಲೆಯಲ್ಲಿತ್ತು. ಅದರ ಹತ್ತಿರವೂ ಹೋಗಲಿಲ್ಲ. ಗೊತ್ತಾಗದೆ ಇರುವಷ್ಟು ಹೊತ್ತು ಆ ಆಸೆ ಅವಳದು. ಗೊತ್ತಾದ ಮೇಲೆ ಏನೋ.

ಗಂಡ ಏನೂ ಕೇಳಲಿಲ್ಲ. ಆದರೆ ಅಂಗಡಿಯಿಂದ ಬರುವಾಗ ಭಾರದ ಚೀಲವನ್ನು ಮಾತಿಲ್ಲದೆ ಅವಳ ಕೈಯಿಂದ ತೆಗೆದುಕೊಂಡ. ಅವಳು ಅದನ್ನು ಗಮನಿಸಲಿಲ್ಲ.

ಗುರುವಾರ ಬೆಳಗ್ಗೆ ಕೊಳದಲ್ಲಿ ಸೀಟಿಯಕ್ಕ ಸೀಟಿ ಊದಿದಳು. "ಮೇಲೆ ಬಾ. ಒಂದು ವಾರದಿಂದ ನೋಡ್ತಿದೀನಿ, ಮೊಟ್ಟೆ ಹೊತ್ಕೊಂಡಿರೋ ಹಾಗೆ ಈಜ್ತಿದೀಯ. ಏನು ವಿಷಯ?"

ಬಾತು ಟವೆಲ್ಲು ಹೊದ್ದುಕೊಂಡು ಪಾವಟಿಗೆಯ ಮೇಲೆ ಕೂತಳು. "ಹತ್ತು ದಿನ ತಡ ಆಗಿದೆ ಅಕ್ಕ."

ಸೀಟಿಯಕ್ಕ ಪಕ್ಕದಲ್ಲಿ ಕೂತಳು. ಶುಭಾಶಯ ಹೇಳಲಿಲ್ಲ, ಅದೇ ಅವಳ ದೊಡ್ಡತನ. "ತಾಲೀಮು ಜಾಸ್ತಿಯಾದ್ರೂ ಮುಂದಕ್ಕೆ ಹೋಗತ್ತೆ ಕಣೇ. ಅದೂ ಇರಬಹುದು, ಇದೂ ಇರಬಹುದು. ಪರೀಕ್ಷೆ ಮಾಡ್ದ್ಯಾ?"

"ಇಲ್ಲ. ಇನ್ನೊಂದು ಮೂರು ದಿನ ಇಟ್ಕೊಂಡಿರ್ತೀನಿ ಅಕ್ಕ. ಇಷ್ಟು ದಿನ ಯಾವತ್ತೂ ನಿಂತಿರ್ಲಿಲ್ಲ."

ಮುದುಕಿ ಸ್ವಲ್ಪ ಹೊತ್ತು ಸೀಟಿಯ ದಾರವನ್ನು ಬೆರಳಿಗೆ ಸುತ್ತಿದಳು. "ಇಟ್ಕೋ. ಬೇಡ ಅನ್ನಲ್ಲ. ಆದ್ರೆ ಏನೂಂತ ಗೊತ್ತಿಲ್ದೆ ಆರು ಗಂಟೆ ಆ ತಣ್ಣೀರಿಗೆ ಇಳಿಸಲ್ಲ ನಿನ್ನ. ಈಜಬೇಕು ಅಂದ್ರೆ ತಿಳ್ಕೊಂಡು ಬಾ. ಈಜದಿದ್ರೂ ಏನೂ ಕೊಳ್ಳೆ ಹೋಗಲ್ಲ, ಸರೋವರ ಎಲ್ಲೂ ಓಡಿಹೋಗಲ್ಲ."

ಸಂಜೆ ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ. ಬಾತು ಬಾಗಿಲಿಗೆ ಒರಗಿ ನಿಂತಳು.

"ರೀ, ಒಂದು ಮಾತು."

ಅವನು ಚಾಕು ಕೆಳಗಿಟ್ಟ, ತಿರುಗಲಿಲ್ಲ. "ಹತ್ತು ದಿನ" ಅಂದ.

"ನೀವೂ ಎಣಿಸ್ತಿದ್ರಾ?"

"ಹೂಂ."

"ಮತ್ತೆ ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಎಲ್ಲಿ ಹೋಗಿಬಿಡತ್ತೋ ಅಂತ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಬೆಳಗ್ಗೆ ಎದ್ದೊಡನೆ ಪರೀಕ್ಷೆ ಮಾಡುವುದೆಂದು ಮಾತಾಯಿತು. ಕಡ್ಡಿಯನ್ನು ಬೀರುವಿನಿಂದ ತೆಗೆದು ಅವನೇ ಬಚ್ಚಲ ಗೂಡಿನಲ್ಲಿಟ್ಟ. ತಾರೀಖು ಮುಗಿದಿಲ್ಲ ತಾನೇ ಎಂದು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

ಕಡ್ಡಿಯ ಅಗತ್ಯ ಬೀಳಲಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಕೂತಾಗಲೇ ಬಾತುವಿಗೆ ಗೊತ್ತಾಯಿತು. ಒಳಉಡುಪಿನಲ್ಲಿ, ಹಾಸಿಗೆಯಲ್ಲಿ, ಎಂದಿಗಿಂತ ಹೆಚ್ಚೇ. ಅವಳು ಹಾಸಿಗೆಯ ಬಟ್ಟೆಯನ್ನು ಎಳೆದು ತೆಗೆದು ಬಚ್ಚಲಿಗೆ ಒಯ್ದು ತಣ್ಣೀರು ಬಿಟ್ಟಳು. ಬಾಗಿಲಲ್ಲಿ ನಿಂತ ಗಂಡ ಬಕೆಟ್ಟನ್ನು ನೋಡಿದ. ಅದರಲ್ಲಿ ಓದಲು ಬಾರದ್ದೇನೂ ಇರಲಿಲ್ಲ.

"ಸರಿ ಬಿಡು" ಅಂದ. ಟೂಲ್ ಬಾಕ್ಸ್ ತೆಗೆದುಕೊಂಡು ಕೆಲಸಕ್ಕೆ ಹೊರಟುಹೋದ, ದಿನಕ್ಕಿಂತ ಒಂದು ಗಂಟೆ ಮೊದಲೇ.

ಸರಿ ಬಿಡು. ಇಷ್ಟೇನಾ? ಆ ಎರಡು ಮಾತು ದಿನವಿಡೀ ಅವಳ ಕಿವಿಯಲ್ಲಿ ಗುಂಯ್‌ಗುಟ್ಟಿದವು. ಅಂದು ತೊಟ್ಟಿಲ ಹೊದಿಕೆಗಳನ್ನು ಮಡಚಲು ಬೇರೆಯವರಿಗೆ ಹೇಳಿದಳು. ಮಧ್ಯಾಹ್ನ ಫೋನು ಮಾಡಿ, "ಭಾನುವಾರ ಬರ್ತೀನಿ ಅಕ್ಕ" ಅಂದಳು. ಸೀಟಿಯಕ್ಕ, "ಮೂರನೇ ದಿನ ಆಗತ್ತೆ. ಇವತ್ತೂ ನಾಳೇನೂ ನೀರಿಗಿಳೀಬೇಡ, ಚೆನ್ನಾಗಿ ಊಟ ಮಾಡು, ಮಲಗು" ಅಂದಳು. ದನಿ ಮೆತ್ತಗಿತ್ತು.

ಭಾನುವಾರ ಬೆಳಗಿನ ಏಳಕ್ಕೆ ಇಪ್ಪತ್ತೆರಡು ಜನ ದಡದಲ್ಲಿ ನಿಂತರು. ಬಾತು ಕಪ್ಪನ್ನು ಎರಡು ಸಲ ಪರೀಕ್ಷಿಸಿಕೊಂಡಿದ್ದಳು. ತೊಡೆಯ ಸಂದಿಗೂ ಕಂಕುಳಿಗೂ ದಪ್ಪಗೆ ವ್ಯಾಸಲಿನ್ ಮೆತ್ತಿಕೊಂಡಿದ್ದಳು. ಹೊಟ್ಟೆಯಲ್ಲಿ ಸಣ್ಣ ನೋವು, ಸಹಿಸಬಹುದಾದದ್ದು. ನೀರು ಮೊದಲ ಹತ್ತು ನಿಮಿಷ ಚಾಕುವಿನ ಹಾಗೆ ಕೊರೆಯಿತು, ಆಮೇಲೆ ಮೈ ಒಗ್ಗಿಕೊಂಡಿತು. ಪಕ್ಕದ ದೋಣಿಯಲ್ಲಿ ಗಂಡ ಹುಟ್ಟು ಹಾಕುತ್ತಿದ್ದ; ಅರ್ಧ ಗಂಟೆಗೊಮ್ಮೆ ಸೀಟಿಯಕ್ಕ ಅಲ್ಲಿಂದ ಹಗ್ಗಕ್ಕೆ ಕಟ್ಟಿದ ಬಾಟಲಿಯಲ್ಲಿ ಬೆಚ್ಚಗಿನ ಸಕ್ಕರೆ ನೀರು ಎಸೆಯುತ್ತಿದ್ದಳು. ಕುಡಿದು ಬಾಟಲಿ ಬಿಟ್ಟು ಮತ್ತೆ ಮುಖ ಮುಳುಗಿಸುವುದು. ಮೂರು ಗಂಟೆ ಎಲ್ಲ ಸುಸೂತ್ರ.

ಎಂಟನೆಯ ಕಿಲೋಮೀಟರ್ ದಾಟಿದ ಮೇಲೆ ಎರಡು ದಡವೂ ದೂರವಾದವು. ಅಲ್ಲಿ, ಆ ನಟ್ಟನಡುವೆ, ಶುಕ್ರವಾರದ ಬೆಳಗು ಅವಳನ್ನು ಹಿಡಿಯಿತು. ಅಳು ಎಲ್ಲಿಂದ ಬಂತೋ, ಉಸಿರು ಕಟ್ಟಿತು, ಈಜುಕನ್ನಡಕದೊಳಗೆ ನೀರು ತುಂಬಿತು. ನಿಂತುಬಿಟ್ಟಳು. ಕಾಲಾಡಿಸುತ್ತ ತೇಲಿದಳು.

"ಸೆಳೆತವಾ?" ಸೀಟಿಯಕ್ಕ ಬಗ್ಗಿದಳು. "ಹೊಟ್ಟೆನಾ?"

ಬಾತು ಇಲ್ಲವೆಂದು ತಲೆಯಾಡಿಸಿದಳು. ಗಂಡನನ್ನು ನೋಡಿ, ಎರಡು ದಿನದಿಂದ ಗಂಟಲಲ್ಲಿದ್ದದ್ದನ್ನು ಅಂದುಬಿಟ್ಟಳು. "ಸರಿ ಬಿಡು ಅಂದ್ರಲ್ಲ ರೀ ನೀವು. ಅಷ್ಟು ಸಲೀಸಾ ನಿಮಗೆ?"

ಹುಟ್ಟುಗಳು ನಿಂತವು. ದೋಣಿಗೂ ಅವಳಿಗೂ ನಡುವೆ ಒಂದು ಮಾರಿನಷ್ಟು ನೀರು. ಅವನು ಕೈಚಾಚಿದ, ಮುಟ್ಟಬಾರದೆಂಬುದು ನೆನಪಾಗಿ ಹಾಗೇ ಹಿಂದಕ್ಕೆ ತೆಗೆದುಕೊಂಡ. ಸೀಟಿಯಕ್ಕ ಆ ಕಡೆಯ ದಡ ನೋಡತೊಡಗಿದಳು.

"ಸಲೀಸಾ? ಅವತ್ತು ಮೂರು ಲಿಫ್ಟಿನ ಕೆಲಸ ಇತ್ತು. ಒಂದನ್ನೂ ಮಾಡ್ಲಿಲ್ಲ. ಒಂದರೊಳಗೆ ಹೋಗಿ ಬಾಗಿಲು ಹಾಕ್ಕೊಂಡು ಕೂತಿದ್ದೆ." ಅವನ ಧ್ವನಿ ಒಡೆಯಿತು. "ನಂಗೂ ಆಸೆ ಕಣೇ. ಮೊದಲಿಂದ್ಲೂ. ನೀನು ಸೂಜಿ ಚುಚ್ಚಿಸ್ಕೊಂಡು ಮಂಚದ ಮೇಲೆ ಮುದುರಿ ಮಲಗೋದು ನೋಡಕ್ಕಾಗ್ದೆ ಸಾಕು ಅಂದೆ. ಆಸೆ ಸಾಕು ಅಂತ ಯಾವತ್ತಾದ್ರೂ ಅಂದ್ನಾ?"

ನಾಲ್ಕು ವರ್ಷ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಇಬ್ಬರೂ ಬೇರೆಬೇರೆಯಾಗಿ ಎಣಿಸಿದ್ದರು. ಬಾತು ಅಲೆಯ ಮೇಲೆ ಏಳುತ್ತ ಬೀಳುತ್ತ ಅವನ ಮುಖವನ್ನೇ ನೋಡಿದಳು. ಹಲ್ಲು ಕಟಕಟಿಸುತ್ತಿದ್ದವು.

"ನಿಂತ್ರೆ ಮೈ ತಣ್ಣಗಾಗತ್ತೆ" ಅಂದಳು ಸೀಟಿಯಕ್ಕ, ಇನ್ನೂ ಆ ಕಡೆಯೇ ನೋಡುತ್ತ. "ಮೇಲೆ ಬರೋದಾದ್ರೆ ಬಾ. ಯಾರೂ ಏನೂ ಅನ್ನಲ್ಲ."

ಬಾತು ಕನ್ನಡಕ ಎತ್ತಿ ನೀರು ಚೆಲ್ಲಿ ಮತ್ತೆ ಕೂರಿಸಿಕೊಂಡಳು. "ರೀ, ಹುಟ್ಟು ಹಾಕಿ" ಅಂದಳು.

ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳ ಕಾಲು ಆಚೆ ದಡದ ಕಲ್ಲಿಗೆ ತಾಕಿತು. ಅವಳ ಹಿಂದೆ ಇದ್ದವರು ಇನ್ನಿಬ್ಬರೇ. ನಡುಗುತ್ತ, ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಶೌಚಾಲಯದ ಸಾಲಿನಲ್ಲಿ ನಿಂತಾಗ ಮುಂದಿದ್ದ ಅಪರಿಚಿತ ಹುಡುಗಿ ತಿರುಗಿ ನೋಡಿ, "ನಿಮಗೂನಾ? ನಂಗೆ ಎರಡನೇ ದಿನ" ಎಂದು ಪಿಸುಗುಟ್ಟಿ ತನ್ನ ಸರದಿ ಬಿಟ್ಟುಕೊಟ್ಟಳು. ಕಪ್ಪನ್ನು ತೊಳೆದು ಹಾಕಿಕೊಂಡು, ಒಣಗಿದ ಬಟ್ಟೆ ತೊಟ್ಟು, ಬಿಸಿ ಸೂಪು ಕುಡಿದ ಮೇಲೆ ಮೈಗೆ ಜೀವ ಬಂತು. ಸೀಟಿಯಕ್ಕ ಬೆನ್ನಿಗೊಂದು ಗುದ್ದು ಕೊಟ್ಟು, ಪರಿಚಯದವರ ಕಾರು ಹತ್ತಿ ಹೋದಳು.

ಗಂಡ ಹೆಂಡತಿ ಸಂಜೆಯ ಬಸ್ಸು ಹಿಡಿದರು. ಬಸ್ಸು ತುಂಬಿತ್ತು; ಕಡೆಯ ಸೀಟು, ಇಂಜಿನ್ನಿನ ಗದ್ದಲ. ಅವನ ಅಂಗೈಯ ಬೊಬ್ಬೆ ಒಡೆದು ಕೆಂಪಾಗಿತ್ತು. ಬಾತು ಉಳಿದ ವ್ಯಾಸಲಿನ್ನನ್ನು ಬೆರಳಿಗೆ ತೆಗೆದು ಅದಕ್ಕೆ ಹಚ್ಚುತ್ತ ಕೇಳಿದಳು.

"ಆ ಹತ್ತು ದಿನದಲ್ಲಿ ಹೆಸರೇನಾದ್ರೂ ಯೋಚನೆ ಮಾಡಿದ್ರಾ?"

ಅವನು ಕಿಟಕಿಯಾಚೆ ನೋಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ ಒಂದು ಹೆಸರು ಹೇಳಿದ.

ಅವಳು ಅದನ್ನು ಒಂದು ಸಲ, ತುಟಿಯಲ್ಲೇ, ಅಂದು ನೋಡಿದಳು. ಚೆನ್ನಾಗಿತ್ತು. ಇನ್ನೊಮ್ಮೆ ಅನ್ನಲು ಧೈರ್ಯ ಸಾಲಲಿಲ್ಲ. ಅವನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಸ್ಸು ಸರೋವರದ ಅಂಚು ಬಿಟ್ಟು ಊರಿನ ಕಡೆ ತಿರುಗಿತು.